ದಿನವೂ ನೀರು ಹಾಕಿದರೂ ಜರೀಗಿಡ (ಫರ್ನ್) ಏಕೆ ಒಣಗುತ್ತದೆ?

"ನರ್ಸರಿಯಿಂದ ತಂದಾಗ ಹಚ್ಚಹಸಿರಾಗಿತ್ತು. ಒಂದು ದಿನವೂ ತಪ್ಪಿಸದೆ ನೀರು ಹಾಕಿದೆ. ಆದರೂ ತುದಿಯೆಲ್ಲ ಕಂದಾಗಿ ಒಣಗಿತು. ಏಕೆ?" ನಮ್ಮ ಬಾಲ್ಕನಿಯ ಗಿಡಗಳನ್ನು ನೋಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ಬಹುಪಾಲು ಮನೆಗಳಲ್ಲಿ ಮಣ್ಣಿಗೆ ನೀರು ಸಾಕಷ್ಟು ಸಿಕ್ಕಿರುತ್ತದೆ, ಅನೇಕ ಸಲ ಅತಿಯಾಗಿಯೇ ಸಿಕ್ಕಿರುತ್ತದೆ. ಒಣಗಿರುವುದು ಗಾಳಿ. ಗಿಡವನ್ನು ತರುವ ಮುನ್ನ ಅದು ಎಂಥ ಜಾಗದ್ದು ಎಂದು ವಿಚಾರಿಸಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತಿತ್ತು.

ಮಳೆಗಾಲದಲ್ಲಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ರಸ್ತೆ ಬದಿಯ ಧರೆಯನ್ನು ಗಮನಿಸಿ. ಕಡಿದ ಮಣ್ಣಿನ ಗೋಡೆಯ ತುಂಬ ಜರೀಗಿಡಗಳು. ಅಲ್ಲಿ ನೀರು ಜಿನುಗುತ್ತಲೇ ಇರುತ್ತದೆ, ಆದರೆ ಎಲ್ಲಿಯೂ ನಿಲ್ಲುವುದಿಲ್ಲ. ಮೇಲೆ ಮರಗಳ ನೆರಳು, ಸುತ್ತ ಮಂಜು. ಬೇರಿಗೆ ನೀರಿನ ಜೊತೆ ಗಾಳಿಯೂ ಸಿಗುತ್ತದೆ, ತೆಳು ಎಲೆಯಿಂದ ತೇವ ಹಾರಿಹೋಗುವುದಿಲ್ಲ. ಈಗ ಮಾರ್ಚ್ ತಿಂಗಳ ಬೆಂಗಳೂರಿನ ಮಧ್ಯಾಹ್ನವನ್ನು ನೆನೆಯಿರಿ. ಹಜಾರದ ಮೂಲೆಯಲ್ಲಿ ಕುಂಡ, ತಲೆಯ ಮೇಲೆ ತಿರುಗುವ ಫ್ಯಾನ್, ತಳದ ತಟ್ಟೆಯಲ್ಲಿ ನಿಂತ ನೀರು. ಎಲೆ ಒಣಗಾಳಿಗೆ ತೇವ ಕಳೆದುಕೊಳ್ಳುತ್ತಿರುತ್ತದೆ, ಬೇರು ನೀರಿನಲ್ಲಿ ಉಸಿರುಗಟ್ಟಿ ಕೊಳೆಯುತ್ತಿರುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ಎಲೆ ಇನ್ನಷ್ಟು ಬಾಡುತ್ತದೆ. ಬಾಡಿತೆಂದು ನಾವು ಮತ್ತೊಂದು ಚೊಂಬು ನೀರು ಸುರಿಯುತ್ತೇವೆ.

ಜರೀಗಿಡಕ್ಕೆ ಗಾಳಿ ಎಷ್ಟು ಮುಖ್ಯ ಎಂಬುದನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಸುಮಾರು 200 ವರ್ಷಗಳ ಹಿಂದೆಯೇ ಕಂಡುಕೊಂಡ. ಕಲ್ಲಿದ್ದಲ ಹೊಗೆ ತುಂಬಿದ ಆ ನಗರದಲ್ಲಿ ಅವನು ಪ್ರೀತಿಯಿಂದ ನೆಟ್ಟ ಜರೀಗಿಡಗಳು ಸಾಯುತ್ತಿದ್ದವು. 1829ರಲ್ಲಿ ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗಕ್ಕಾಗಿ ಕಾಯುತ್ತಿದ್ದವನಿಗೆ ಮಣ್ಣಿನಲ್ಲಿ ಪುಟ್ಟ ಜರೀಗಿಡ ಮೊಳೆತದ್ದು ಕಾಣಿಸಿತು. ಹೊರಗೆ ಉಳಿಯದ ಗಿಡ ಸೀಸೆಯೊಳಗಿನ ಶುದ್ಧ, ತೇವದ ಗಾಳಿಯಲ್ಲಿ ಚೆನ್ನಾಗಿ ಬೆಳೆಯಿತು. ಇಂದು ಮೇಜಿನ ಮೇಲೆ ಇಡುವ ಗಾಜಿನ ತೋಟಗಳೆಲ್ಲ ಆ ಸೀಸೆಯ ಸಂತತಿ.

ಹಾಗೆಂದು ಎಲ್ಲ ಜರೀಗಿಡಗಳಿಗೂ ಆಗುಂಬೆಯೇ ಬೇಕೆಂದಲ್ಲ. ಜಗತ್ತಿನಲ್ಲಿ ಇವುಗಳ 10,000ಕ್ಕೂ ಹೆಚ್ಚು ಜಾತಿಗಳಿವೆ, ವಾಸದ ಜಾಗಗಳೂ ಬಗೆಬಗೆ. ಬಯಲುಸೀಮೆಯ ಬಂಡೆಗಳ ಸಂದಿನಲ್ಲಿ ಬೆಳೆಯುವ ಮಯೂರಶಿಖೆ ಬೇಸಿಗೆಯಲ್ಲಿ ಸತ್ತಂತೆ ಮುದುಡಿ, ಮಳೆ ಬಿದ್ದೊಡನೆ ಎಲೆ ಬಿಚ್ಚಿ ಹಸಿರಾಗುತ್ತದೆ. ಹಳೆಯ ಬಾವಿಯ ಒಳಗೋಡೆಯಲ್ಲಿ, ಸುಣ್ಣದ ಗಾರೆಯ ಬಿರುಕಿನಲ್ಲಿ ಟೆರಿಸ್ ವಿಟ್ಟಾಟಾ ಬೆಳೆಯುತ್ತದೆ. ಅದಕ್ಕೆ ಸುಣ್ಣವೆಂದರೆ ಇಷ್ಟ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಲೆನಾಡಿನ ಮರಗಳಿಗೆ ಅಂಟಿಕೊಂಡಿರುವ ಡ್ರೈನೇರಿಯಾ. ಹತ್ತಿರ ಹೋಗಿ ನೋಡಿದರೆ ಒಂದೇ ಗಿಡದಲ್ಲಿ ಎರಡು ಬಗೆಯ ಎಲೆಗಳು. ಉದ್ದನೆಯ ಹಸಿರು ಎಲೆಗಳು ಆಹಾರ ತಯಾರಿಸಿ, ಬೀಜಕ (ಜರೀಗಿಡಗಳು ಸಂತತಿ ಬೆಳೆಸುವ ಧೂಳಿನಂಥ ಕಣ) ಹೊತ್ತು, ಬೇಸಿಗೆಯಲ್ಲಿ ಉದುರುತ್ತವೆ. ಬುಡದಲ್ಲಿರುವ ಗಿಡ್ಡ ಎಲೆಗಳು ಬೇಗನೆ ಕಂದಾಗಿ ಬಿರುಸಾಗುತ್ತವೆ, ಆದರೆ ಉದುರುವುದಿಲ್ಲ. ಮರದ ತೊಗಟೆಗೆ ಒತ್ತಿ ನಿಂತ ಬುಟ್ಟಿಯಾಗಿ ಅವು ತರಗೆಲೆ, ಧೂಳು, ಮಳೆನೀರನ್ನು ಹಿಡಿದಿಡುತ್ತವೆ. ಆ ಕಸವೇ ಕೊಳೆತು ಗೊಬ್ಬರವಾಗುತ್ತದೆ. ಮರದಿಂದ ಒಂದು ತೊಟ್ಟು ರಸವನ್ನೂ ಹೀರದೆ, ಎತ್ತರದಲ್ಲಿ ತನ್ನ ಮಣ್ಣನ್ನು ತಾನೇ ಮಾಡಿಕೊಳ್ಳುವ ಗಿಡ ಇದು. ಅದನ್ನು ತಂದು ಕೆಂಪು ಮಣ್ಣಿನ ಕುಂಡದಲ್ಲಿ ಹೂಳಿದರೆ ಬದುಕುವುದಾದರೂ ಹೇಗೆ?

ಇನ್ನು ಬೆಳೆಸುವ ಮಾತು. ಹೊಸಬರು ಬಾಸ್ಟನ್ ಜರೀಗಿಡದಿಂದಲೋ ಅಗಲ ಎಲೆಯ ಆಸ್ಪ್ಲೀನಿಯಮ್ ನೈಡಸ್‌ನಿಂದಲೋ ಆರಂಭಿಸುವುದು ಒಳ್ಳೆಯದು. ತೆಳು ಕಪ್ಪು ದಂಟಿನ ಏಡಿಯಾಂಟಮ್ ನೋಡಲು ಚೆಂದ, ಆದರೆ ಒಂದೇ ಮಧ್ಯಾಹ್ನದ ಬಿಸಿಗಾಳಿಗೆ ಸುರುಟಿಕೊಳ್ಳುತ್ತದೆ. ಕೈ ಪಳಗಿದ ಮೇಲೆ ತನ್ನಿ. ತೋಟದ ಮಣ್ಣೊಂದನ್ನೇ ತುಂಬಬೇಡಿ, ಗಟ್ಟಿಯಾಗುತ್ತದೆ. ತೊಳೆದು ಉಪ್ಪು ಕಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಎಲೆಗೊಬ್ಬರ, ದಪ್ಪ ಮರಳು, ಇದ್ದಿಲ ಚೂರು ಸೇರಿಸಿ ಸಡಿಲ ಮಿಶ್ರಣ ಮಾಡಿ. ಮರದ ಮೇಲೆ ಬೆಳೆಯುವ ಜಾತಿಗಳಿಗೆ ತೆಂಗಿನ ಸಿಪ್ಪೆಯ ತುಂಡುಗಳನ್ನು ಹೆಚ್ಚಿಗೆ ಹಾಕಿ. ಮಣ್ಣಿನ ಮೇಲ್ಪದರ ಆರತೊಡಗಿದಾಗ ತಳದ ತೂತಿನಿಂದ ಹರಿದುಹೋಗುವಷ್ಟು ನೀರು ಕೊಟ್ಟು, ತಟ್ಟೆ ಬರಿದು ಮಾಡಿ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ ಸೂಕ್ತ. ಎಲೆಗೆ ಆಗಾಗ ನೀರು ಸಿಂಪಡಿಸಿದರೆ ಸಾಕೆಂದು ಹಲವರು ನಂಬಿದ್ದಾರೆ. ಆ ತೇವ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಅದಕ್ಕಿಂತ ಕುಂಡಗಳನ್ನು ಒಟ್ಟಾಗಿ ಜೋಡಿಸಿ, ನೀರು ತುಂಬಿದ ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕುಂಡದ ತಳ ನೀರಿಗೆ ತಾಗದಂತೆ ಅದರ ಮೇಲಿಡುವುದು ಮೇಲು.

ನೀರಿನ ಗುಣವನ್ನೂ ನೋಡಿ. ಆರ್‌ಓ ಯಂತ್ರ ಹೊರಬಿಡುವ ನೀರು ಪೋಲಾಗಬಾರದೆಂದು ಗಿಡಕ್ಕೆ ಹಾಕುವ ಮನೆಗಳು ಬಹಳ. ಉದ್ದೇಶ ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಅದರಲ್ಲಿರುತ್ತದೆ. ಅದರಿಂದ ನೆಲ ಒರೆಸಿ, ಜರೀಗಿಡಕ್ಕೆ ಬೇಡ. ಗಡಸು ಬೋರ್‌ವೆಲ್ ನೀರಿನಿಂದಲೂ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ ಎಲೆತುದಿ ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: "ಎಲೆಯ ಹಿಂದೆ ಕಂದು ಚುಕ್ಕೆಗಳಿವೆ, ಔಷಧಿ ಹೊಡೆಯಲೇ?" ಮೊದಲು ಭೂತಗನ್ನಡಿ ಹಿಡಿಯಿರಿ. ಚುಕ್ಕೆಗಳು ನರಗಳ ಗುಂಟ ಅಥವಾ ಅಂಚಿನ ಗುಂಟ ಸಾಲಾಗಿದ್ದರೆ ಅವು ಬೀಜಕಗಳ ಗೊಂಚಲು, ಗಿಡ ಆರೋಗ್ಯವಾಗಿದೆ. ಅಡ್ಡಾದಿಡ್ಡಿ ಹರಡಿ, ದಂಟಿನ ಮೇಲೂ ಇದ್ದು, ಉಗುರಿನಿಂದ ಕೆರೆದರೆ ಅಂಟಂಟಾಗಿ ಎದ್ದು ಬಂದರೆ ಮಾತ್ರ ಅದು ಗಿಡದ ರಸ ಹೀರುವ ಶಲ್ಕ ಕೀಟ.

ಜರೀಗಿಡವನ್ನು ತಿನ್ನುವ ಬಗ್ಗೆ ಕೇಳುವವರಿಗೆ ಒಂದೇ ಮಾತು. ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ತೊಪ್ಪು ತೊರೆಯ ಬದಿಯಲ್ಲಿ ಬೆಳೆಯುವ ಡಿಪ್ಲೇಜಿಯಂ ಜಾತಿಯದು. ಅದನ್ನು ಗುರುತಿಸಬಲ್ಲವರು ಕಿತ್ತು ತಂದರೆ ಮಾತ್ರ ತಿನ್ನಿ. ಸುರುಳಿ ಚಿಗುರುಗಳೆಲ್ಲ ತಿನ್ನುವಂಥವಲ್ಲ. ಟೆರಿಡಿಯಂ ಎಂಬ ಜರೀಗಿಡದಲ್ಲಿ ಕ್ಯಾನ್ಸರ್‌ಕಾರಕ ವಸ್ತುವಿದೆ. ಬಾವಿಗೋಡೆಯ ಟೆರಿಸ್ ವಿಟ್ಟಾಟಾ ಮಣ್ಣಿನ ಆರ್ಸೆನಿಕ್ ವಿಷವನ್ನು ಎಳೆದು ಎಲೆಯಲ್ಲಿ ಕೂಡಿಡಬಲ್ಲದೆಂದು 2001ರಲ್ಲಿ ಗೊತ್ತಾಯಿತು.

ಘಟ್ಟಕ್ಕೆ ಹೋದವರು ಜರೀಗಿಡವನ್ನು ಬೇರುಸಹಿತ ಕಿತ್ತು ಕಾರಿನಲ್ಲಿ ತುಂಬಿಕೊಂಡು ಬರುವುದನ್ನು ಕಂಡರೆ ನನಗೆ ತುಂಬ ಸಂಕಟವಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಪಟ್ಟಣದ ಗಾಳಿಯಲ್ಲಿ ಉಳಿಯುವುದಿಲ್ಲ. ಮರದೆತ್ತರ ಬೆಳೆಯುವ ಸಯಾಥಿಯಾ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕಂತೂ ನಿರ್ಬಂಧವೇ ಇದೆ. ಹೊಸ ಜಾತಿ ಬೇಕಿದ್ದರೆ ಗೆಳೆಯರ ತೋಟದಿಂದ ಬೀಜಕ ಬಲಿತ ಒಂದು ಎಲೆ ಕೇಳಿ ಪಡೆಯಿರಿ. ಅದನ್ನು ಕಾಗದದ ಮಡಿಕೆಯಲ್ಲಿ ಒಂದೆರಡು ದಿನ ಇಟ್ಟರೆ ನಶ್ಯದ ಪುಡಿಯಷ್ಟು ನಯವಾದ ಧೂಳು ಉದುರುತ್ತದೆ. ಕುದಿಯುವ ನೀರು ಸುರಿದು ಆರಿಸಿದ ಕೊಕೊಪೀಟನ್ನು ಪಾರದರ್ಶಕ ಡಬ್ಬಿಗೆ ತುಂಬಿ, ಮೇಲೆ ಆ ಧೂಳನ್ನು ತೆಳ್ಳಗೆ ಉದುರಿಸಿ, ಮುಚ್ಚಿ, ಬಿಸಿಲು ತಾಗದ ಬೆಳಕಿನಲ್ಲಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ ಮೂಡಿ, ಬಳಿಕ ಉಗುರಿಗಿಂತ ಚಿಕ್ಕದಾದ ಹೃದಯಾಕಾರದ ತೆಳು ಹಾಳೆಗಳಾಗುತ್ತವೆ. ಗಂಡು ಕಣಗಳು ಅಂಡವನ್ನು ತಲುಪುವುದು ಈ ಹಾಳೆಯಡಿಯ ನೀರಿನ ಪೊರೆಯಲ್ಲಿ ಈಜಿ. ಆದ್ದರಿಂದ ಆಗಾಗ ಕುದಿಸಿ ಆರಿಸಿದ ನೀರನ್ನು ಹದವಾಗಿ ಸಿಂಪಡಿಸಿ. ನಿಜವಾದ ಮೊದಲ ಎಲೆ ಬರಲು ತಿಂಗಳುಗಳೇ ಬೇಕು. ಗಿಡಕ್ಕೆ ಮೂರು ನಾಲ್ಕು ಎಲೆ ಬಂದ ಮೇಲೆ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತ ಹೊರಗಿನ ಗಾಳಿ ರೂಢಿ ಮಾಡಿಸಿ, ಆಮೇಲೆ ಕುಂಡಕ್ಕೆ ವರ್ಗಾಯಿಸಿ. ಜೂನ್ ಅಥವಾ ಜುಲೈ ಅದಕ್ಕೆ ಒಳ್ಳೆಯ ಕಾಲ.