ತಾಟಿನ ಮಾತು ಬಂದಾಗ ನಾನು ಮೊದಲು ನೀರು ಕೇಳುತ್ತೇನೆ

ಲಗ್ನದ ಊಟ ಮಾತಾಡಲು ಬಂದವರು ಹುಗ್ಗಿಯೋ ಹೋಳಿಗೆಯೋ ಎಂದು ಒಂದು ತಾಸು ಜಗ್ಗಾಡುತ್ತಾರೆ. ಐಸ್‌ಕ್ರೀಮಿಗೆ ಕಾಲು ತಾಸು. ಎದ್ದು ಚಪ್ಪಲಿ ಮೆಟ್ಟುವಾಗ, "ತಾಟು-ಗಿಲಾಸು ನೀವ ನೋಡ್ಕೊಳ್ರಿ, ಒಗಿಯೋವು ಆದ್ರೂ ನಡೀತೈತಿ" ಎಂದು ಹೇಳಿ ನಡೆಯುತ್ತಾರೆ. ಒಗೆಯುವುದು ಎಂದರೆ ನಮ್ಮ ಕಡೆ ಎಸೆಯುವುದು. ನಮ್ಮ ಕೇಟರಿಂಗ್‌ನಲ್ಲಿ ಅಡುಗೆ ಅಣ್ಣನ ಪಾಲು. ಬಡಿಸುವುದು, ತಾಟು, ನೀರು, ಎಂಜಲು ನನ್ನ ಪಾಲು. ಅವರು ಹೊರಡುವಾಗ ಆಡಿದ ಆ ಒಂದು ಮಾತೇ ನನಗೆ ಇಡೀ ದಿನದ ಕೆಲಸ. ಅದಕ್ಕೇ ಅವರನ್ನು ಮತ್ತೆ ಕೂರಿಸಿ ಕೇಳುತ್ತೇನೆ: "ಅಲ್ಲೆ ನೀರಿನ ವ್ಯವಸ್ಥಾ ಹ್ಯಾಂಗೈತ್ರಿ?"

ತಾಟು ಸ್ಟೀಲಿನದಿರಲೋ ಅಡಿಕೆ ಹಾಳೆಯದಿರಲೋ ಎಂಬುದನ್ನು ಜನ ಅಂತಸ್ತು ನೋಡಿ ನಿರ್ಧರಿಸುತ್ತಾರೆ, ಈಚೆಗೆ ಪರಿಸರ ನೋಡಿಯೂ ನಿರ್ಧರಿಸುತ್ತಾರೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು ನೋಡಬೇಕಾದದ್ದು ನೀರನ್ನು. ಲಗ್ನದ ಸುಗ್ಗಿ ಏಪ್ರಿಲ್-ಮೇ ತಿಂಗಳು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ನಮಗೆ ಬರುತ್ತದೆ. ಕೆಲವು ವಾರ್ಡಿನಲ್ಲಿ ಹಗಲು-ರಾತ್ರಿ ನಳದಲ್ಲಿ ನೀರು, ಉಳಿದೆಡೆ ದಿನಗಟ್ಟಲೆ ಕಾಯಬೇಕು. ಗದಗ-ಬೆಟಗೇರಿಯವರು ತುಂಗಭದ್ರೆಯನ್ನು ನಂಬಿದವರು, ಬೇಸಿಗೆಯಲ್ಲಿ ಅವರ ಕಾಯುವಿಕೆ ಇನ್ನೂ ಉದ್ದ. ಮಂಟಪದವರು "ಬೋರ್ ಐತ್ರಿ" ಎನ್ನುತ್ತಾರೆ. ಬೋರ್ ಇದ್ದರಾಯಿತೇ, ಸಂಜೆ ಏಳರಿಂದ ಹತ್ತರವರೆಗೆ ಅದು ಎಷ್ಟು ನೀರು ಎತ್ತುತ್ತದೆ, ಮೇಲಿನ ಟಾಕಿ ಎಷ್ಟು ದೊಡ್ಡದು ಎಂದು ನಾನೇ ಹೋಗಿ ನೋಡಿ ಬರುತ್ತೇನೆ.

ಒಬ್ಬರ ಊಟಕ್ಕೆ ಒಂದು ತಾಟು, ಎರಡು ಬಟ್ಟಲು, ಒಂದು ಗಿಲಾಸು, ಒಂದು ಚಮಚ. ನಳ ಬಿಟ್ಟು ತೊಳೆದರೆ ನೀರಿಗೆ ಲೆಕ್ಕವೇ ಇಲ್ಲ. ನಾವು ಮೂರು ಟಬ್ ಇಡುತ್ತೇವೆ: ಮೊದಲನೆಯದರಲ್ಲಿ ಮುಸುರೆ ಬಿಡಿಸುವುದು, ಎರಡನೆಯದರಲ್ಲಿ ಬಿಸಿನೀರು-ಸೋಪು, ಮೂರನೆಯದರಲ್ಲಿ ಜಾಲಾಡುವುದು. ನೀರು ಬದಲಿಸುತ್ತ ಹೋದರೆ ಒಬ್ಬರಿಗೆ ನಾಲ್ಕು ಲೀಟರ್ ಹಿಡಿಯುತ್ತೇನೆ. ಸಾವಿರ ಜನ ಎಂದರೆ 5,000 ಲೀಟರಿನ ಒಂದು ಟ್ಯಾಂಕರ್ ಹೆಚ್ಚುಕಮ್ಮಿ ತಾಟಿಗೇ ಹೋಯಿತು. ಅಡುಗೆಯದು, ಕುಡಿಯುವುದು, ಕೈ ತೊಳೆಯುವುದು ಬೇರೆ. ಇನ್ನು ತೊಳೆದ ನೀರು ಎಲ್ಲಿಗೆ ಹೋಗಬೇಕು? ಹುಗ್ಗಿಯ ತುಪ್ಪ, ಎಣಗಾಯಿಯ ಎಣ್ಣೆ ಸೇರಿದ ಆ ನೀರು ಮಂಟಪದ ಗಟಾರಕ್ಕೆ ಇಳಿದು ತಣ್ಣಗಾದ ಮೇಲೆ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಿಗ್ಗೆ ಇನ್ನೊಬ್ಬರ ಲಗ್ನ ಇರುತ್ತದೆ, ಮಂಟಪದವರ ಫೋನು ನನಗೆ ಬರುತ್ತದೆ.

ನೀರು ಸಾಕಷ್ಟಿದೆ ಎಂದಾದರೆ ನನ್ನ ಮತ ಸ್ಟೀಲಿಗೇ. ಆದರೆ ಎಷ್ಟು ತಾಟು? ಮಧ್ಯಾಹ್ನದ ಪಂಕ್ತಿ ಊಟಕ್ಕೆ ಲೆಕ್ಕ ಸುಲಭ. ಒಂದು ಪಂಕ್ತಿಗೆ 200 ಜನ ಕೂರುವ ಹಾಲ್ ಇದ್ದರೆ, ಸಾವಿರ ಜನಕ್ಕೆ 450 ತಾಟು ಸಾಕು; ಒಂದು ಸರತಿ ಊಟದಲ್ಲಿ, ಒಂದು ಸರತಿ ತೊಳೆಯುವಲ್ಲಿ, ಉಳಿದ 50 ಹೆಚ್ಚಿಗೆ. ಸಂಜೆಯ ರಿಸೆಪ್ಶನ್ನಿಗೆ ಈ ಲೆಕ್ಕ ನಡೆಯುವುದಿಲ್ಲ. ಆಫೀಸು ಮುಗಿಸಿ, ಮನೆಗೆ ಹೋಗಿ ಬಟ್ಟೆ ಬದಲಿಸಿ, ಎಂಟು ಗಂಟೆಗೆ ಎಲ್ಲರೂ ಒಮ್ಮೆಲೇ ಬಂದು, ವೇದಿಕೆ ಹತ್ತಿ ಫೋಟೋ ತೆಗೆಸಿಕೊಂಡು, ಒಂಬತ್ತಕ್ಕೆ ಬಫೆ ಸಾಲಿನಲ್ಲಿ ನಿಂತಿರುತ್ತಾರೆ. ಆ ಒಂದು ತಾಸಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕಾಗುವಷ್ಟು ತಾಟು ಒಣಗಿಸಿ ಇಟ್ಟಿರಬೇಕು. ಒಣಗಿಸಿ ಎಂಬುದನ್ನು ಒತ್ತಿ ಹೇಳುತ್ತೇನೆ. ಅನ್ನ-ಸಾರಿಗೆ ಒದ್ದೆ ತಾಟು ಹೇಗೋ ನಡೆದೀತು. ನಮ್ಮ ಕಡೆ ಮೊದಲು ತಾಟಿಗೆ ಬೀಳುವುದು ಕಡಕ್ ರೊಟ್ಟಿ. ಒದ್ದೆ ತಾಟಿನ ಮೇಲೆ ಅದು ಎರಡು ನಿಮಿಷಕ್ಕೆ ಮೆತ್ತಗಾಗುತ್ತದೆ, ಹೆಸರು ಕೆಡುವುದು ರೊಟ್ಟಿ ಬಡಿದ ಅಕ್ಕನದು.

ಒಗೆಯುವ ಪ್ಲೇಟಿನ ವಿಷಯಕ್ಕೂ ಊಟವನ್ನೇ ನೋಡಬೇಕು. ಬೆಂಗಳೂರಿನಿಂದ ಕಲಿತು ಬಂದ ಹುಡುಗರು ಕಬ್ಬಿನ ಸಿಪ್ಪೆಯ ಬಿಳಿ ಪ್ಲೇಟು ತೋರಿಸುತ್ತಾರೆ. ನೋಡಲು ಚಂದ, ಮಣ್ಣಿನಲ್ಲಿ ಕರಗುತ್ತದೆ, ತಕರಾರಿಲ್ಲ. ಆದರೆ ನಿಂತು ಉಣ್ಣುವವನ ಒಂದೇ ಕೈಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು, ಹುಗ್ಗಿ, ಮೇಲೊಂದು ಮಿರ್ಚಿ ಭಜಿ. ಬಿಸಿ ಎಣ್ಣೆ ತಗುಲಿ ಪ್ಲೇಟಿನ ನಡು ಬಾಗುತ್ತದೆ. ಎರಡು ಪ್ಲೇಟು ಒಂದರ ಮೇಲೊಂದು ಹಿಡಿಯುತ್ತಾರೆ. ಅಲ್ಲಿಗೆ ಉಳಿತಾಯದ ಮಾತು ಮುಗಿಯಿತು. ಆರು ಖಾನೆಯ ಪ್ಲೇಟಿನಲ್ಲಿ ಕಟ್ಟಿನ ಸಾರು ಖಾನೆ ದಾಟಿ ಹುಗ್ಗಿಗೆ ಸೇರುತ್ತದೆ.

ಮೆಲಮೈನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ತಾಟು ಬಾಡಿಗೆಗೆ ಸಿಗುತ್ತದೆ, ಹಗುರ, ಫೋಟೋಕ್ಕೆ ಒಳ್ಳೆಯದು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ಎಂಬುದನ್ನು ಮೆಲಮೈನ್ ತೊಳೆದವರನ್ನು ಕೇಳಬೇಕು. ಅದರ ಜೊತೆ ಅರಿಷಿಣ, ಎಣ್ಣೆ. ಹಂಗಾಮು ಮುಗಿಯುವಷ್ಟರಲ್ಲಿ ಬಿಳಿಯದು ಕಿತ್ತಳೆಯಾಗುತ್ತದೆ. ಬಣ್ಣ ಬಿಡಿಸಲು ತಂತಿಬ್ರಷ್ ಹಾಕಿದರೆ ಹೊಳಪು ಹೋಗಿ ಗೀರು ಬೀಳುತ್ತದೆ, ಗೀರು ಬಿದ್ದದ್ದನ್ನು ಮತ್ತೆ ಊಟಕ್ಕೆ ಇಡಬಾರದು. ಚೀನಿಮಣ್ಣಿನ ತಾಟನ್ನು ನಾನು ವರನ ಟೇಬಲ್ಲಿಗೆ ಬಿಟ್ಟು ಬೇರೆಲ್ಲಿಗೂ ಒಪ್ಪುವುದಿಲ್ಲ. ಉಳಿದದ್ದೆಲ್ಲ ಹುಡುಗರು ಓಡಾಡುವ ಜಾಗ.

ಅಡಿಕೆ ಹಾಳೆ ತಟ್ಟೆ ನಮಗೆ ಶಿರಸಿ ಕಡೆಯಿಂದ ಬರುತ್ತದೆ. ಗಟ್ಟಿ, ಬಿಸಿಗೆ ಬಾಗುವುದಿಲ್ಲ, ಎಣ್ಣೆಗೂ ಹೆದರುವುದಿಲ್ಲ. ಊಟಕ್ಕೆ 12 ಇಂಚಿನದೇ ಬೇಕು, 10 ಇಂಚಿನದು ತಿಂಡಿಗೆ. ಮಳೆಗಾಲದ ದಾಸ್ತಾನು ಕೊಳ್ಳುವಾಗ ಕಟ್ಟು ಬಿಚ್ಚಿಸಿ ಮೂಸಿ ನೋಡಿ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಇಡೀ ಕಟ್ಟು ವಾಪಸ್. ಹೋದ ಹಂಗಾಮಿನಲ್ಲಿ ಒಬ್ಬರ ಮನೆಯಲ್ಲಿ ಪರದೇಶದಿಂದ ಬಂದ ಅಳಿಯ ಫೋನು ತೋರಿಸಿದ: "ಕಾಕಾ, ಅಮೆರಿಕಾದಾಗ ಇವಕ್ಕ ಪರವಾನಗಿ ಇಲ್ಲಂತಲ್ಲ?" ಸುದ್ದಿ ಸುಳ್ಳಲ್ಲ. ಅಡಿಕೆಯಲ್ಲಿರುವ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು ಅಲ್ಲಿಯ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಈ ತಟ್ಟೆಗಳ ವಿರುದ್ಧ ನಿಂತಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ, ಗಿರಾಕಿಗೆ ಹೇಳಿಯೇ ಆರ್ಡರ್ ತೆಗೆದುಕೊಳ್ಳುತ್ತೇನೆ. ಬೇಡ ಎಂದವರಿಗೆ ಬಾಳೆ ಎಲೆ ಇದ್ದೇ ಇದೆ.

ಕೆಲವರು ಇವತ್ತಿಗೂ ಸಿಲ್ವರ್ ಹಚ್ಚಿದ ಪೇಪರ್ ಪ್ಲೇಟನ್ನು "ಕಾಗದದ್ದ ಐತ್ರಿ, ಏನಾಗೂದಿಲ್ಲ" ಎಂದು ತರಿಸುತ್ತಾರೆ. ಅಂಚು ಹರಿದು ಎಳೆದರೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಕಿತ್ತು ಬರುತ್ತದೆ. ರಾಜ್ಯ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2016ರ ಮಾರ್ಚಿನಲ್ಲೇ ನಿಷೇಧಿಸಿತು. ಊಟದ ಟೇಬಲ್ಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಅದರಲ್ಲಿದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ. ಹೊಲದಲ್ಲೋ ಮನೆ ಮುಂದಿನ ಪೆಂಡಾಲಿನಲ್ಲೋ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಪಾಲಿಕೆಗೋ ಪಂಚಾಯ್ತಿಗೋ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಅದನ್ನು ಓದಿದ ಮೇಲೆ ನಾನು ಪೆಂಡಾಲಿನ ಲಗ್ನಕ್ಕೂ ಎರಡು ಬಣ್ಣದ ಡ್ರಮ್ ಒಯ್ಯತೊಡಗಿದೆ.

ಚಹಾಕ್ಕೆ ಪೇಪರ್ ಕಪ್ಪೂ ಬೇಡ ಎನ್ನುತ್ತೇನೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿ, 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಅದರಲ್ಲಿದ್ದರೆ ಕಪ್ಪಿನ ಒಳಗಿನ ಪ್ಲಾಸ್ಟಿಕ್ ಪದರ ಸುಮಾರು 25,000 ಕಣ ಬಿಡುತ್ತದೆಂದು ತೋರಿಸಿದ್ದಾರೆ. ಸಣ್ಣ ಸ್ಟೀಲ್ ಗಿಲಾಸು ತೊಳೆಯುವುದು ದೊಡ್ಡ ಕೆಲಸವೇನಲ್ಲ.

ಬಾಳೆ ಎಲೆಗೆ ಕುಂತು ಉಣ್ಣುವ ವ್ಯವಸ್ಥೆ ಬೇಕು, ಬಡಿಸುವ ಕೈ ಬೇಕು, ಬಫೆಯಲ್ಲಿ ಅದು ಒಂಟಿಯಾಗಿ ನಿಲ್ಲುವುದಿಲ್ಲ. ಧಾರವಾಡದ ಒಂದು ಮನೆಯಲ್ಲಿ ಇದೇ ಜಗಳ. ಮದುಮಗಳು ಒಗೆಯುವ ಸಾಮಾನು ಒಂದೂ ಬೇಡ ಎಂದು ಹಟ ಹಿಡಿದಿದ್ದಳು. ಅಜ್ಜಿಗೆ ಬಾಳೆ ಎಲೆ ಬೇಕು. ಅಪ್ಪನಿಗೆ ರಿಸೆಪ್ಶನ್ ಬಫೆಯೇ ಆಗಬೇಕು, ಸಾಹೇಬರು ಬರುವವರಿದ್ದರು. ಮಂಟಪದ ಬೋರ್ ಸಣ್ಣಗೆ ಹರಿಯುತ್ತಿತ್ತು. ಸ್ಟೀಲ್ ತಾಟಿನ ಒಳಗೆ ಕೂರುವಂತೆ ಬಾಳೆ ಎಲೆಯನ್ನು ದುಂಡಗೆ ಕತ್ತರಿಸಿ ಹಾಸಿದೆವು. ಹೋಟೆಲ್ಲಿನವರು ಬಹಳ ದಿನದಿಂದ ಮಾಡುವ ಕೆಲಸ, ನಾನು ಕಂಡುಹಿಡಿದದ್ದೇನಲ್ಲ. ಎಣ್ಣೆ-ಜಿಡ್ಡು ಎಲೆಯ ಮೇಲೇ ಉಳಿದು ಎಲೆಯ ಜೊತೆ ಡ್ರಮ್ಮಿಗೆ ಹೋಗುತ್ತದೆ, ತಾಟಿಗೆ ಎರಡು ಟಬ್ಬಿನ ನೀರು ಸಾಕು. ಸಾರನ್ನು ಮಾತ್ರ ಬಟ್ಟಲಿಗೇ ಹಾಕಬೇಕು; ತಾಟಿಗೆ ಸುರಿದರೆ ಎಲೆಯ ಕೆಳಗೆ ಇಳಿದು ಎಲ್ಲ ದಂಡ. ಬಡಿಸುವ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಅಜ್ಜಿ ತಾಟು ನೋಡಿ, "ಎಲಿ ಐತಿ, ಆದ್ರ ತುದಿ ಎಲ್ಲೈತೋ?" ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ನೀರೇ ಇಲ್ಲದ ಕಡೆ ನಾನು ಹಟ ಮಾಡುವುದಿಲ್ಲ. ರೋಣದ ಕಡೆ ಮೇ ತಿಂಗಳ ಲಗ್ನ, ಕುಡಿಯುವ ನೀರನ್ನೇ ಟ್ಯಾಂಕರಿನಲ್ಲಿ ತರುವ ಊರು. ಅಲ್ಲಿ ಮುತ್ತಲ ಎಲೆಯ ಪತ್ರಾವಳಿ, ದೊನ್ನೆ, ಹೊಲದ ಬದುವಿನಲ್ಲಿ ತಗ್ಗು ತೋಡಿಸಿ ಎಲ್ಲ ಅದಕ್ಕೆ. ಎತ್ತು-ಆಕಳಿಗೆ ಹಾಕೋಣ ಎಂದವರಿಗೆ ಬೇಡವೆಂದೆ. ಬರಿ ಎಲೆ ತಿಂದರೆ ಅಡ್ಡಿಯಿಲ್ಲ. ಹುಗ್ಗಿ, ಅನ್ನ ಒಮ್ಮೆಗೇ ಬುಟ್ಟಿಗಟ್ಟಲೆ ತಿಂದ ದನಕ್ಕೆ ಹೊಟ್ಟೆಯಲ್ಲಿ ಹುಳಿ ಏರಿ ಜೀವಕ್ಕೇ ಕುತ್ತು. ಎಲೆಯೊಳಗೆ ಒಂದು ಪ್ಲಾಸ್ಟಿಕ್ ಪೊಟ್ಟಣ ಸೇರಿದ್ದರಂತೂ ಕೇಳಲೇಬೇಡಿ.

ಸ್ಟೀಲ್ ಅಗ್ಗ ಎಂದು ವಾದಿಸುವವರು ಲೆಕ್ಕಕ್ಕೆ ಹಿಡಿಯದ ಒಂದು ಬಾಬ್ತು ಇದೆ: ಭಾಂಡೆ ತೊಳೆಯುವ ಹೆಣ್ಣುಮಕ್ಕಳು. ರಿಸೆಪ್ಶನ್ ಹನ್ನೊಂದಕ್ಕೆ ಮುಗಿದರೆ ಅವರ ಕೆಲಸ ಮುಗಿಯುವುದು ಒಂದು ಗಂಟೆಗೆ. ಆ ಹೊತ್ತಿಗೆ ಊರಿಗೆ ಬಸ್ಸಿಲ್ಲ. ಗಾಡಿ ಮಾಡಿ ಮನೆ ಮುಟ್ಟಿಸುವ ಖರ್ಚು, ಕೂರಲು ಮಣೆ, ಕೈಗವಸು, ಬಿಸಿನೀರಿನ ಗ್ಯಾಸು, ಇವೆಲ್ಲ ತಾಟಿನ ಬಾಡಿಗೆಯ ಕೆಳಗೆ ಬರೆಯಬೇಕಾದ ಸಾಲುಗಳು. ನಮ್ಮಲ್ಲಿ ಬಹಳ ವರ್ಷದಿಂದ ತೊಳೆಯುವ ಒಬ್ಬ ಅಕ್ಕ ಹೇಳಿದ್ದಳು: "ತಾಟು ಎಷ್ಟರ ಕೊಡ್ರಿ ಅಣ್ಣಾರ, ತಣ್ಣೀರಾಗ ತುಪ್ಪ ತಿಕ್ಕಾಕ ಹಚ್ಚಬ್ಯಾಡ್ರಿ." ಅಂದಿನಿಂದ ಒಂದು ಒಲೆ ಅವರಿಗೆಂದೇ ಬೇರೆ. ಅಣ್ಣ ಮೊದಲು ಗ್ಯಾಸಿನ ಖರ್ಚೆಂದು ಗೊಣಗಿದ. ತೊಳೆಯುವುದು ಒಂದು ತಾಸು ಮೊದಲೇ ಮುಗಿದಾಗ ಸುಮ್ಮನಾದ.

ಈಗ ಗಿರಾಕಿಗೆ ಕೊಡುವ ಕೊಟೇಶನ್ನಿನಲ್ಲಿ ಎರಡೂ ಬಗೆಯನ್ನು ಅಕ್ಕಪಕ್ಕ ಬರೆಯುತ್ತೇನೆ. ಸ್ಟೀಲಿನ ಕಡೆ ಬಾಡಿಗೆ, ಟ್ಯಾಂಕರ್, ತೊಳೆಯುವವರ ಕೂಲಿ, ಅವರ ಗಾಡಿ, ಕಳೆದ ಸಾಮಾನಿನ ಠೇವಣಿ. ಒಗೆಯುವುದರ ಕಡೆ ಪ್ಲೇಟು, ಎರಡು ಹಿಡಿಯುವವರಿಗಾಗಿ ಕಾಲುಭಾಗ ಹೆಚ್ಚಿಗೆ, ಕಸ ಒಯ್ಯುವ ಟ್ರ್ಯಾಕ್ಟರ್. ಹತ್ತಿರದಲ್ಲಿ ನೀರಿದ್ದು ಐದುನೂರರ ಮೇಲೆ ಜನವಿದ್ದರೆ ಸ್ಟೀಲ್ ಕಡಿಮೆಗೆ ಬೀಳುತ್ತದೆ. ಇನ್ನೂರು ಜನದ ಸಣ್ಣ ಕಾರ್ಯಕ್ಕೆ ಟ್ಯಾಂಕರ್ ತರಿಸುವುದಾದರೆ ಹಾಳೆ ತಟ್ಟೆಯೇ ವಾಸಿ.

ಚಮಚಗಳು ಕಳೆಯುವುದನ್ನು ಜನ ಕಳವು ಎಂದುಕೊಳ್ಳುತ್ತಾರೆ. ಬಹುಪಾಲು ಅವು ತಾಟು ಜಾಡಿಸುವಾಗ ಎಂಜಲಿನ ಡ್ರಮ್ಮಿಗೆ ಬೀಳುತ್ತವೆ. ಡ್ರಮ್ಮಿನ ಬಾಯಿಗೆ ಜಾಳಿಗೆ ಬಿಗಿದು, ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದ ಮೇಲೆ ನಷ್ಟ ಬೆರಳೆಣಿಕೆಗೆ ಇಳಿದಿದೆ. ಆ ಹುಡುಗನ ಪಗಾರವನ್ನೂ ಕೊಟೇಶನ್ನಿನಲ್ಲಿ ಬರೆಯುತ್ತೇನೆ, ಯಾರೂ ಈವರೆಗೆ ಚೌಕಾಶಿ ಮಾಡಿಲ್ಲ.