ಎಲ್ಪಿ, ಕೌದಿ, ಮಲಗಿದ ಬುದ್ಧ

ಶನಿವಾರ, 23 ನವೆಂಬರ್ 2024, ಕಲಬುರಗಿ

ರಾತ್ರಿ ಹನ್ನೆರಡು ಆಗ್ಲಿಕ್ಕ ಬಂತು. ಹಾಲಿನಾಗ ಇಬ್ಬರು ದೋಸ್ತರು ಮಲ್ಕೊಂಡಾರ, ಕಾಕಾ ಒಳಗಿನ ಖೋಲ್ಯಾಗ, ನಾ ಒಬ್ಬನೇ ಅಡಗಿಮನಿ ಲೈಟ್ ಹಚ್ಕೊಂಡು ಕೂತೀನಿ, ಬರೀಲಿಲ್ಲಂದ್ರ ನಿದ್ದಿ ಬರಂಗಿಲ್ಲ, ಅಷ್ಟು ಖುಷಿ ಆಗ್ಯಾದ ಇವತ್ತ.

ದೋಸ್ತರೆಲ್ಲಾ ನಮ್ಮ ಮನ್ಯಾಗ ಕೂಡಿ ಎಲ್ಪಿ, ಅಂದ್ರ ಹಳೇ ಹಾಡಿನ ಪ್ಲೇಟು, ಚಂದಾಗಿ ಕೇಳೋದು ಅಂತ ಆರು ತಿಂಗಳಿಂದ ಈ ವಾರ ಮುಂದಿನ ವಾರ ಅನ್ಕೋತ ಬಂದಿದ್ದು ಕಡೀಗಿ ಕೂಡಿ ಬಂತು. ಬೀದರಿನಿಂದ ಇಂಜಿನಿಯರ್ ತಾನೇ ಕೂತು ಜೋಡಿಸಿದ ಆಂಪ್ಲಿಫೈಯರ್ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನಾಗ ಬಂದ, ಡಿಕ್ಕ್ಯಾಗ ಹಾಕ್ರಿ ಅಂತ ಕಂಡಕ್ಟರ್ ಎಷ್ಟು ಹೇಳಿದ್ರೂ ಕೇಳಿಲ್ಲಂತ. ಶಹಾಪುರದಿಂದ ಮಾಸ್ತರ ಬಂದ, ಹೈಸ್ಕೂಲಿಗಿ ವಿಜ್ಞಾನ ಹೇಳ್ತಾನ ಅವ. ನಮ್ಮ ಓಣಿ ಕಾಕಾ ಅಂತೂ ಮುಂಜಾನಿ ಎಂಟಕ್ಕೇ ಮಲ್ಟಿಮೀಟರ್ ಹಿಡ್ಕೊಂಡು ಬಾಗಲದಾಗ ನಿಂತಿದ್ರು, ಸೂಪರ್ ಮಾರ್ಕೆಟ್ ಕಡಿ ಮೂವತ್ತು ವರ್ಷ ರೇಡಿಯೋ, ಟೇಪು, ಪ್ಲೇಯರ್ ರಿಪೇರಿ ಮಾಡ್ದೋರು, ಅಂಗಡಿ ಬಂದ್ ಮಾಡ್ಯಾರ ಖರೇ, ಕೈ ಸುಮ್ಮ ಕೂಡಂಗಿಲ್ಲ.

ನನ್ನ ಟರ್ನ್‌ಟೇಬಲ್ (ಪ್ಲೇಟು ತಿರುಗಿಸೋ ಮಷೀನು) ಭಾರಿ ಬೆಲಿದೇನಲ್ಲ, ಬೆಲ್ಟಿನಿಂದ ತಿರುಗೋದು, ಅದಕ್ಕ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್, ಅಂದ್ರ ಸೂಜಿ ಕೂಡೋ ತುದಿ. ಅದರ ಸೂಜಿ ಪ್ಲೇಟಿನ ಮ್ಯಾಲ 2 ಗ್ರಾಂ ಭಾರ ಹಾಕಬೇಕು, ಹೆಚ್ಚಾದ್ರ ಪ್ಲೇಟು ಸವೀತದ, ಕಡಿಮಿ ಆದ್ರ ಸೂಜಿ ಗೆರಿ ಒಳಗ ನಿಲ್ಲಂಗಿಲ್ಲ, ದನಿ ಒಡೀತದ. ಕಾಕಾ ಬಂಗಾರ ತೂಗೋ ಅಂಥಾ ಸಣ್ಣ ಡಿಜಿಟಲ್ ತಕ್ಕಡಿ ತಂದಿದ್ರು, ಇಟ್ಟು ನೋಡಿದ್ರ 2.31. ಟೋನ್ ಆರ್ಮಿನ (ಸೂಜಿ ಹಿಡಿಯೋ ಕೋಲಿನ) ಹಿಂದಿನ ಗುಂಡು ಕೂದಲೆಳಿಯಷ್ಟು ತಿರುವೋದು, ಮತ್ತ ತೂಗೋದು, ಮತ್ತ ತಿರುವೋದು, 2.00 ಬರೋ ತನಕ ಅವರು ಚಾ ಮುಟ್ಟಲಿಲ್ಲ, ಚಾದ ಮ್ಯಾಲ ಕೆನಿ ಕಟ್ಟಿತ್ತು.

ಮೊದಲ ಹಚ್ಚಿದ್ದು ಅಪ್ಪನ ಪ್ಲೇಟು. ಅಪ್ಪ ತೀರ್ಕೊಂಡು ಒಂಬತ್ತು ವರ್ಷ ಆತು, ಅವರ ಟ್ರಂಕಿನಾಗ ಹನ್ನೊಂದು ಎಲ್ಪಿ ಸಿಕ್ಕಿದ್ವು, ಅದರಾಗ ಹಿಂದೂಸ್ತಾನಿ ಹಾಡುಗಾರ ಮಲ್ಲಿಕಾರ್ಜುನ ಮನ್ಸೂರರದು ಒಂದು. ಕವರಿನ ಮೂಲಿಗಿ ಅಪ್ಪ ತಮ್ಮ ಸಹಿ ಮಾಡ್ಯಾರ, ನೀಲಿ ಶಾಯಿ, ಸಾಲಿ ಪುಸ್ತಕದ ಮ್ಯಾಲ ಮಾಡ್ದಂಗ. ಸೂಜಿ ಇಳಿಸಿದ್ವಿ, ತಂಬೂರಿಕಿಂತ ಮೊದಲ ಗುಂಯ್ ಅನ್ನೋ ಸಪ್ಪಳ ಬಂತು. ಇಂಜಿನಿಯರನ ಮಾರಿ ಸಣ್ಣದಾತು, ತನ್ನ ಆಂಪ್ಲಿಫೈಯರಿಂದೇ ತಪ್ಪು ಅಂತ ತಿಳ್ಕೊಂಡ. ಕಾಕಾ ಅಂದ್ರು, "ತಡಿ ತಮ್ಮ, ಗಾಬರಿ ಆಗಬ್ಯಾಡ, ಸೂಜಿ ಕೊಡೋದು ಬರೇ 4 ಮಿಲಿವೋಲ್ಟು, ಅದನ್ನ ಫೋನೋ ಸ್ಟೇಜ್, ಅಂದ್ರ ಸೂಜಿ ದನಿ ಏರಿಸೋ ಸರ್ಕೀಟು, ನೂರು ಪಟ್ಟು ಮಾಡ್ತದ, ಕರೆಂಟಿನ 50 ಹರ್ಟ್ಜ್, ಸೆಕೆಂಡಿಗಿ 50 ಸಲ ನಡುಗೋ ಸಪ್ಪಳ ಎಲ್ಲ್ಯಾರ ಸಂದ್ಯಾಗ ಹೊಕ್ಕಿದ್ರ ಅದೂ ನೂರು ಪಟ್ಟು ಆಗಿ ಬರ್ತದ." ಹಿಂದ ಬಗ್ಗಿ ನೋಡಿದ್ರ ಟರ್ನ್‌ಟೇಬಲ್ಲಿನ ಅರ್ಥಿಂಗ್ ವೈರು ಸ್ಕ್ರೂನಾಗ ಸಡ್ಲ ಆಗಿತ್ತು, ಬಿಗಿ ಮಾಡಿದ ಕೂಡ್ಲೇ ಸಪ್ಪಳ ಹೋತು. ಹಂಗೇ ಕೂತ ಕೂತಲ್ಲೇ ಕಾಕಾ ಇನ್ನೊಂದು ಹೇಳಿದ್ರು: ಪ್ಲೇಟು ಕೊರೀವಾಗ ಬಾಸ್ (ದಪ್ಪ ದನಿ) ತಗ್ಗಿಸಿ ಟ್ರೆಬಲ್ (ಸಣ್ಣ ದನಿ) ಏರಿಸಿ ಕೊರೀತಾರ, ಹಂಗ ಮಾಡ್ಲಿಲ್ಲಂದ್ರ ಬಾಸಿನ ಗೆರಿ ಅಗಲ ಆಗಿ ಒಂದು ಮಗ್ಗಲಿಗಿ ಇಪ್ಪತ್ತು ನಿಮಿಷ ಹಿಡಿಯಂಗಿಲ್ಲ, ಅದನ್ನ ಉಲ್ಟಾ ಮಾಡಿ ಮೊದಲಿನಂಗ ತರೋದು ಫೋನೋ ಸ್ಟೇಜಿನ ಕೆಲಸ, 1954ರಿಂದ ಆರ್‌ಐಎಎ (ಅಮೆರಿಕಾದ ಪ್ಲೇಟು ಕಂಪನಿಗಳ ಸಂಘ) ಅಂತ ಎಲ್ಲಾರಿಗೂ ಒಂದೇ ನಿಯಮ ಆಗ್ಯಾದ. ಇಷ್ಟು ವರ್ಷ ಎಲ್ಪಿ ಕೇಳೀನಿ, ನನಗ ಈ ಕಾರಣ ಗೊತ್ತಿದ್ದಿಲ್ಲ.

ಸಪ್ಪಳ ಹೋದ್ರೂ ಹಾಡು ನನಗ ಸಮಾಧಾನ ಆಗ್ಲಿಲ್ಲ. ದನಿ ಎಲ್ಲಾ ಕಡಿಂದ ಬಂದಂಗ ಆಗ್ತಿತ್ತು, ತಂಬೂರಿ ತಬಲಾ ಎರಡೂ ಕಲಸಿ ಒಂದೇ ಮುದ್ದಿ ಆಗಿತ್ತು. ಮಾಸ್ತರ ಎದ್ದು ಹಾಲಿನ ನಡುವ ನಿಂತು ಜೋರಾಗಿ ಒಂದ ಚಪ್ಪಾಳಿ ಹೊಡದ. ಟರ್ರ್ ಅಂತ ಗ್ವಾಡಿಯಿಂದ ಗ್ವಾಡಿಗಿ ಓಡಾಡಿ ಸತ್ತಿತು ಆ ಸಪ್ಪಳ. "ನೋಡಲೇ, ಸ್ಪೀಕರ್‌ದ್ದಲ್ಲ ತಪ್ಪು, ಖೋಲಿದು" ಅಂದ. ನಮ್ಮ ಹಾಲು 14 ಫೂಟು ಉದ್ದ 12 ಫೂಟು ಅಗಲ, ಕೆಳಗ ಶಹಾಬಾದಿ ಪರಸಿ, ಮ್ಯಾಲ ಆರ್‌ಸಿಸಿ, ನಾಕೂ ಕಡಿ ಪ್ಲಾಸ್ಟರ್. ಬ್ಯಾಸಗಿಯಾಗ ಕಾಲಿಗಿ ತಂಪು ಅಂತ ನಮ್ಮ ಕಡಿ ಎಲ್ಲಾರ ಮನ್ಯಾಗೂ ಪರಸಿ ಹಾಸಿರ್ತೀವಿ, ಆದ್ರ ದನಿಗಿ ಅದು ಕನ್ನಡಿ ಇದ್ದಂಗ, ಬಂದದ್ದನ್ನ ಹಂಗೇ ಹೊಳ್ಳಿ ಕಳಸ್ತದ.

ಆಗ ಕೌದಿ ನೆನಪಾದ್ವು. ಅವ್ವನ ಟ್ರಂಕಿನಾಗ ಎಂಟು ಕೌದಿ ಅವ, ಹಳೇ ಇಳಕಲ್ ಸೀರಿ, ಅಪ್ಪನ ಧೋತರ, ನನ್ನ ಸಾಲಿ ಚಡ್ಡಿ ಎಲ್ಲಾ ಪದರ ಪದರ ಹಾಕಿ ಹೊಲದಿದ್ದು, ಒಂದೊಂದು ಕೌದಿ ಎತ್ತಲಿಕ್ಕ ಎರಡು ಕೈ ಬೇಕು. ಅವ್ವ ಮೊದಲ ಸಿಟ್ಟಾದಳು, "ಹೊಚ್ಕೊಳ್ಳೋ ಕೌದಿ ಗ್ವಾಡಿಗಿ ಹೊಚ್ಚತೀರೇನು, ಗ್ವಾಡಿಗಿ ಥಂಡಿ ಆಗ್ಯಾದೇನು" ಅಂತ. ಕಾಕಾ ಭಾಳ ಮರ್ಯಾದಿಲೇ ತಿಳಿಸಿ ಹೇಳಿದ್ರು, "ವೈನಿ, ಒಂದ ರಾತ್ರಿ ಕೊಡ್ರಿ, ಒಂದು ಟಾಕಿ ಹರಿಯಂಗಿಲ್ಲ, ನನ್ನ ಜವಾಬ್ದಾರಿ." ಎಲ್ಲಿ ಹಾಕಬೇಕು ಅನ್ನೋದಕ್ಕ ಮಾಸ್ತರ ಒಂದು ಉಪಾಯ ಮಾಡ್ದ: ನಾ ಕೇಳೋ ಜಾಗದಾಗ ಕೂತೆ, ಅವ ಗಡ್ಡ ಮಾಡ್ಕೊಳ್ಳೋ ಕನ್ನಡಿ ಹಿಡ್ಕೊಂಡು ಗ್ವಾಡಿಗುಂಟ ಸರಕೋತ ಹೋದ, ಕನ್ನಡ್ಯಾಗ ನನಗ ಸ್ಪೀಕರ್ ಕಂಡಲ್ಲಿ "ಹ್ಞಾ ನಿಲ್ಲು" ಅಂದೆ, ಅಲ್ಲಿ ಚಾಕ್‌ಪೀಸ್ ಗುರ್ತು, ಅಲ್ಲೇ ಕೌದಿ. ಬೆಳಕು ಎಲ್ಲಿ ಹೊಳ್ಳತದೋ ದನೀನೂ ಅಲ್ಲೇ ಹೊಳ್ಳತದ. ಎಡಕ್ಕೊಂದು, ಬಲಕ್ಕೊಂದು, ಹಿಂದ ಎರಡು, ಪರಸಿ ಮ್ಯಾಲ ಜಮಖಾನಿ.

ಬಾಸಿಗಿ ಮಾತ್ರ ಕೌದಿ ಏನೂ ಮಾಡಂಗಿಲ್ಲ. 40 ಹರ್ಟ್ಜಿನ ಒಂದು ಅಲಿ 28 ಫೂಟು ಉದ್ದ ಇರ್ತದ, ಅದರ ಅರ್ಧ ಬರಾಬರ ನಮ್ಮ ಹಾಲಿನ 14 ಫೂಟಿಗಿ ಕೂಡತದ, ಹಿಂಗಾಗಿ ಆ ಒಂದು ಸ್ವರ ಹಿಂದಿನ ಗ್ವಾಡಿ ಹತ್ರ ಗುಡ್ಡದಂಗ ಏರಿ ನಿಲ್ತದ. ಸೋಫಾ ಗ್ವಾಡಿಗಿ ಹಚ್ಚಿ ಇಟ್ಟಿದ್ದೇ ತಪ್ಪಾಗಿತ್ತು, ಎರಡೂವರಿ ಫೂಟು ಮುಂದ ಎಳದ್ವಿ, ಅಷ್ಟೇ, ಬಾಸಿನ ಊತ ಇಳೀತು. ಪೈಸೆ ಖರ್ಚಿಲ್ಲ.

ಮಧ್ಯಾಹ್ನ ವೈರಿನ ಜಗಳ ಬಂತು. ಇಂಜಿನಿಯರ್ ಆರು ಸಾವಿರ ಕೊಟ್ಟು ಸ್ಪೀಕರ್ ವೈರ್ ತರಿಸ್ಯಾನ, ಹಾವಿನಂಗ ದಪ್ಪ. ಕಾಕಾ ಮನಿ ವೈರಿಂಗಿಗಿ ಹಾಕೋ 2.5 ಎಂಎಂ ತಾಮ್ರದ ವೈರು ತಂದಿದ್ರು. ಪರದಾದ ಹಿಂದ ಕೂತು ಕಾಕಾ ಬದಲ್ ಮಾಡೋದು, ನಾವು ಮೂವರು ಚೀಟ್ಯಾಗ ಬರಿಯೋದು, ಹತ್ತು ಸಲ. ಯಾರಿಗೂ ಗುರ್ತ ಹಿಡೀಲಿಕ್ಕ ಆಗ್ಲಿಲ್ಲ, ಇಂಜಿನಿಯರ್‌ಗೂ. ಮೂರು ಮೀಟರ್ ವೈರಿಗಿ ಹೋಗಿ ಬರೋದು ಹಿಡಿದು ಕರೆಂಟಿಗಿ ಅಡ್ಡಿ 0.05 ಓಮ್ ಸಹ ಆಗಂಗಿಲ್ಲ, ಸ್ಪೀಕರ್ 8 ಓಮ್, ಕೇಳೋದು ಹ್ಯಾಂಗ? ಅವಗ ಬ್ಯಾಸರ ಆಗಬಾರದಂತ ಯಾರೂ ಹೆಚ್ಚಿಗಿ ಮಾತಾಡಲಿಲ್ಲ, ಅವನೇ "ಮುಂದಿನ ಸಲ ಈ ರೊಕ್ಕ ಪ್ಲೇಟಿಗಿ ಹಾಕ್ತೀನಿ" ಅಂದ. ಹೈಫೈ ಅಂದ್ರ ದೊಡ್ಡ ಸಾಮಾನು ಅನ್ಕೊಂಡವರಿಗಿ ನಾ ಇದನ್ನೇ ಹೇಳೋದು, ಮೊದಲ ಕೂಡೋ ಜಾಗ ಸರಿ ಮಾಡ್ಕೊಳ್ರಿ.

ಊಟ ಆದ ಮ್ಯಾಲ, ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಲೈಟ್ ಆರಿಸಿ ಮತ್ತ ಮನ್ಸೂರರ ಪ್ಲೇಟು ಹಚ್ಚಿದ್ವಿ. ಈಗ ತಂಬೂರಿ ಹಿಂದ ಹೋಗಿ ಕೂತಿತ್ತು, ತಬಲಾ ಜರಾ ಬಲಕ್ಕ, ನಡುವ ಬರೇ ಅವರು. ಮನ್ಸೂರರ ಪರಂಪರೆ, ಜೈಪುರ ಅತ್ರೌಲಿ ಘರಾಣಾದವರು ಉಸಿರು ಕಡೀದಂಗ ಉದ್ದಕ್ಕ ಹೆಣ್ಕೋತ ಹೋಗ್ತಾರ ಅಂತ ಓದಿದ್ದೆ, ಆದ್ರ ಅವರು ಉಸಿರು ಎಲ್ಲಿ ತಗೋತಾರ ಅನ್ನೋದು ನನಗ ಯಾವತ್ತೂ ಕೇಳಿದ್ದಿಲ್ಲ. ಇವತ್ತ ಕೇಳ್ತು. ತಾನಿನ (ಸ್ವರ ಜೋರಾಗಿ ಓಡೋ ಜಾಗ) ಮುಂಚೆ, ಸಮ್ (ತಾಳದ ಮೊದಲ ಹೊಡ್ತ) ಇನ್ನ ದೂರ ಇದ್ದಾಗ, ಸಣ್ಣಗ ಹ್ಹ ಅಂತ ಒಂದು ಎಳಕೊಂಡಿದ್ದು. 1992ರಾಗ ತೀರ್ಕೊಂಡ ಮನಷ್ಯಾ ನಮ್ಮ ಹಾಲಿನಾಗ ಉಸಿರಾಡಿದಂಗ ಆತು. ಅವ್ವ ಅಡಗಿಮನಿಯಿಂದ ಸೆರಗಿಗಿ ಕೈ ಒರಸ್ಕೋತ ಬಂದು ಬಾಗಲದಾಗ ನಿಂತಳು, "ನಿಮ್ಮಪ್ಪ ಇದಕ್ಕೇ ಕೂಡ್ತಿದ್ದ ರಾತ್ರಿ ಎಲ್ಲಾ" ಅಂದಳು, ಮಗ್ಗಲು ಮುಗಿಯೋ ತನಕ ಅಲ್ಲೇ ನಿಂತಿದ್ದಳು. ಕೂಡವ್ವಾ ಅಂದ್ರೂ ಕೂಡಲಿಲ್ಲ.

ನಾಳೆ ಐದಕ್ಕ ಏಳಬೇಕು.

ಭಾನುವಾರ, 24 ನವೆಂಬರ್ 2024

ಕಾರಿನಾಗ ನಾಕು ಮಂದಿ, ಆರಕ್ಕ ಬಿಟ್ವಿ. ಕಟ್ಟಿಸಂಗಾವಿ ಹತ್ರ ಭೀಮಾ ದಾಟೋವಾಗ ನೀರಿನ ಮ್ಯಾಲ ಹೊಗಿಯಂಗ ಮಂಜು, ಜೇವರ್ಗಿಯಾಗ ಒಗ್ಗರಣಿ ಮಿರ್ಚಿ ಚಾ. ಎರಡೂ ಕಡಿ ಎರಿ ಹೊಲ, ತೊಗರಿ ಹೂವು ಕಾಯಿ ಎರಡೂ ಕೂಡಿ ನಿಂತಾದ. ಶಹಾಪುರ ಕಡಿ ಬಂದಂಗ ನಾರಾಯಣಪುರದ ಕಾಲುವಿ ನೀರು, ಭತ್ತ, ಮತ್ತ ಒಮ್ಮಿಗೇ ಗ್ರಾನೈಟ್ ಗುಂಡು ಸುರು. ನಮ್ಮ ಕಲಬುರಗಿ ಕಡಿ ಸುಮಾರು ಆರೂವರಿ ಕೋಟಿ ವರ್ಷದ ಹಿಂದಿನ ಲಾವಾದ ಕರಿಕಲ್ಲು, ಈ ಗುಂಡುಗಳ ವಯಸ್ಸು ಇನ್ನೂರು ಕೋಟಿಗೂ ಮ್ಯಾಲ ಅಂತ ಮಾಸ್ತರ ಹೇಳ್ಕೋತ ಬಂದ, ಕಾಕಾ "ಹೌದೇನು, ಹೌದೇನು" ಅಂತ ಪ್ರತಿಯೊಂದಕ್ಕೂ ಕೇಳ್ತಿದ್ರು.

ಭೀಮರಾಯನಗುಡಿ ದಾಟಿ ಜರಾ ಮುಂದ ಮಾಸ್ತರ ಗಾಡಿ ನಿಲ್ಲಿಸು ಅಂದ. ಇಳದು ನೋಡಿದ್ರ ಮಲಗಿದ ಬುದ್ಧ. ಹಣಿ, ಮೂಗು, ತುಟಿ, ಗದ್ದ, ಎದಿ, ಮಾರಿ ಮುಗಲಿಗಿ ಮಾಡಿ ಅಂಗಾತ ಮಲಗ್ಯಾನ, ಊರಿನ ಮ್ಯಾಲ ಅಷ್ಟುದ್ದಕ್ಕ. ಫೋಟೋದಾಗ ನೋಡಿದ್ದೆ, ಎದುರಿಗಿ ನೋಡಿದ್ರ ಬ್ಯಾರೇನೇ ಅದ. ಯಾರೂ ಕೆತ್ತಿದ್ದಲ್ಲ, ಬ್ಯಾರೆ ಬ್ಯಾರೆ ಗುಡ್ಡ ಒಂದರ ಹಿಂದ ಒಂದು ನಿಂತು ಈ ಕಡಿಂದ ನೋಡಿದ್ರ ಒಂದೇ ಗೆರಿ ಆಗ್ಯಾದ. ಗಾಡಿ ಹತ್ತಿ ಮುಂದ ಹೋದಂಗ ಮೂಗು ಮೊದಲ ಕರಗ್ತು, ಆಮ್ಯಾಲ ಗದ್ದ ಎದಿಯಿಂದ ಬಿಟ್ಟು ಸರೀತು, ಊರ ಹತ್ರ ಬರೋದ್ರಾಗ ಬರೇ ಬಂಡಿಗಲ್ಲು, ಗುಂಡು, ಸೀತಾಫಲದ ಕಂಟಿ. ಇಂಜಿನಿಯರ್ ಹಿಂದಿನ ಸೀಟಿನಾಗಿಂದ ಮೆಲ್ಲಗ, "ನಿನ್ನೆ ಸೋಫಾ ಎಳದಿದ್ದು ಇದಕ್ಕೇ ನೋಡು" ಅಂದ. ಖರೇ ಅದ. ಎರಡು ಸ್ಪೀಕರ್ ಅವ, ನಡುವ ಏನೂ ಇಲ್ಲ, ಆದ್ರ ಎರಡರಿಂದ ಸಮ ಅಂತರದಾಗ ಕೂತ್ರ ನಡುವ ಮನಷ್ಯಾ ಬರ್ತಾನ, ಒಂದು ಫೂಟು ಸರದ್ರ ಹೋಗ್ತಾನ.

ಶಹಾಪುರದಾಗ ಮಾಸ್ತರನ ಮನ್ಯಾಗ ಊಟ, ಅವನ ಹೆಂಡ್ತಿ ಎಣ್ಣಿಗಾಯಿ ಮಾಡಿದ್ರು, ಬ್ಯಾಡ ಬ್ಯಾಡ ಅಂದ್ರೂ ನಾಕನೇ ರೊಟ್ಟಿ ಹಾಕಿದ್ರು. ಅಲ್ಲಿಂದ ಯಾದಗಿರಿ. ಅಲ್ಲಿನ ಕಿಲ್ಲಾ ಏರೋ ಹೊತ್ತಿಗಿ ಮೂರು ಗಂಟೆ, ನವೆಂಬರ್ ಅಂದ್ರೂ ಬಂಡಿಗಲ್ಲು ಬಿಸಲಿಗಿ ಕಾದಿತ್ತು. ಕಾಕಾಗ ಮೊಣಕಾಲು ನೋವು, ಅರ್ಧಕ್ಕ ಕೂತು, "ನೀವು ಹೋಗ್ರಿ, ನಾ ಇಲ್ಲೇ ಕೇಳ್ಕೋತ ಕೂಡ್ತೀನಿ" ಅಂದ್ರು. ಮೂರು ಸುತ್ತಿನ ಗ್ವಾಡಿ ದಾಟಿ ಮ್ಯಾಲ ಹೋದ್ರ ನೀರಿನ ಹೊಂಡ, ತೋಪು, ಕೆಳಗ ಇಡೀ ಊರು, ಆ ಕಡಿ ಭೀಮಾ, ಈ ಕಡಿ ಮುಂಬೈ ಚೆನ್ನೈ ರೈಲಿನ ಹಳಿ.

ಮಾಸ್ತರ ಎದುರಿನ ಬಂಡಿಗಿ ಮಾರಿ ಮಾಡಿ ಮತ್ತ ಚಪ್ಪಾಳಿ ಹೊಡದ. ಇಲ್ಲಿ ಟರ್ರ್ ಅನ್ನಲಿಲ್ಲ, ಜರಾ ತಡದು ಸ್ವಚ್ಛ ಒಂದೇ ಚಪ್ಪಾಳಿ ಹೊಳ್ಳಿ ಬಂತು. ಅವ ಹೊಳ್ಳಿ ಬಂದ ಸಪ್ಪಳದ ಮ್ಯಾಲೇ ಮುಂದಿನ ಚಪ್ಪಾಳಿ ಬೀಳಂಗ ತಾಳ ಹಿಡದ, ನಾ ಫೋನಿನಾಗ ಟೈಮ್ ನೋಡಿದೆ, ಹತ್ತಕ್ಕ ಆರು ಸೆಕೆಂಡು. ಅಂದ್ರ ಒಂದು ಸಲ ಹೋಗಿ ಬರ್ಲಿಕ್ಕ 0.6 ಸೆಕೆಂಡು, ದನಿ ಸೆಕೆಂಡಿಗಿ ಸುಮಾರು 345 ಮೀಟರ್ ಓಡ್ತದ, ಅರ್ಧ ಮಾಡಿದ್ರ ಆ ಬಂಡಿ ನೂರು ಮೀಟರಿಗಿ ಜರಾ ಮ್ಯಾಲ. ನಮ್ಮ ಹಾಲಿನಾಗ ಒಂದು ಗ್ವಾಡಿಯಿಂದ ಇನ್ನೊಂದು ಗ್ವಾಡಿಗಿ 12 ಮಿಲಿಸೆಕೆಂಡು ಅಷ್ಟೇ, ಅದಕ್ಕೇ ಅಲ್ಲಿ ಮಾರ್ದನಿ ಬ್ಯಾರೆ ಆಗಿ ಕೇಳಂಗಿಲ್ಲ, ಹಾಡಿನಾಗೇ ಕಲಸತದ. ಇಷ್ಟು ಲೆಕ್ಕ ಮಾಡಿ ನಾವು ಮೂವರೂ ಮಾತಾಡದ ಕೂತ್ವಿ. ಕೆಳಗ ಒಂದು ಗೂಡ್ಸ್ ಗಾಡಿ ಹಾರ್ನ್ ಹೊಡೀತು, ಎಲ್ಲೋ ಆಡಿನ ಕೊಳ್ಳಾಗಿನ ಗಂಟಿ, ಯಾರೋ ಬಟ್ಟಿ ಒಗೀಲಿಕ್ಕತ್ತಿದ್ರು, ಕೈ ಮ್ಯಾಲ ಎತ್ತಿದ್ದು ಕಂಡ ಮ್ಯಾಲ ಸಪ್ಪಳ ಬರ್ತಿತ್ತು. ಕೆಳಗ ಇಳದಾಗ ಕಾಕಾ ಕಣ್ಣು ಮುಚ್ಚಿ ಕೂತಿದ್ರು, "ನಿಮ್ಮ ಚಪ್ಪಾಳಿ ಎರಡೆರಡು ಕೇಳಿದ್ವು ನನಗ" ಅಂದ್ರು.

ಮಾಸ್ತರ ಅಲ್ಲಿಂದ ಬಸ್ ಹಿಡದು ಶಹಾಪುರಕ್ಕ ಹೋದ. ನಾವು ವಾಡಿ, ಶಹಾಬಾದ್ ಮ್ಯಾಲಿಂದ ಹೊಳ್ಳಿ ಬಂದ್ವಿ. ಶಹಾಬಾದ್ ಹತ್ರ ಕತ್ತಲಾಗಿತ್ತು, ಹೆಡ್‌ಲೈಟಿನಾಗ ರೋಡಿನ ಬಾಜು ಪರಸಿ ಥಪ್ಪಿ ಥಪ್ಪಿ ಒಟ್ಟಿದ್ದು ಕಾಣ್ತಿತ್ತು, ಬೂದಿ ಬಣ್ಣ, ನಮ್ಮ ಹಾಲಿನಾಗಿದ್ದದ್ದೇ. ಇಂಜಿನಿಯರ್‌ಗ ಬೀದರಿನ ಬಸ್ ಹತ್ತಿಸಿದೆ, ಆಂಪ್ಲಿಫೈಯರ್ ನನ್ನ ಹತ್ರೇ ಬಿಟ್ಟು ಹೋಗ್ಯಾನ, "ಒಂದು ತಿಂಗಳು ಕೇಳು, ಹ್ಯಾಂಗ ಅದ ಖರೇ ಖರೇ ಹೇಳು" ಅಂತ.

ಮನಿಗಿ ಬಂದು ನೋಡಿದ್ರ ಬಲಗಡಿ ಗ್ವಾಡಿ ಬರೀದು. ಥಂಡಿ ಅಂತ ಅವ್ವ ಆ ಕೌದಿ ತಗದು ಹೊಚ್ಕೊಂಡಾಳ. ಹಂಗೇ ಪ್ಲೇಟು ಹಚ್ಚಿ ನೋಡಿದೆ, ಮನ್ಸೂರರು ಜರಾ ಬಲಕ್ಕ ಸರದು ಕೂತಂಗ ಕೇಳ್ತು. ಅವ್ವಗ ಹೇಳಿದೆ. ಸುಮ್ಮ ಕೇಳಿಸ್ಕೊಂಡಳು, ಆಮ್ಯಾಲ ಒಳಗ ಹೋಗಿ ಎರಡು ಹಳೇ ಸೀರಿ ತಗೊಂಡು ಬಂದು ಮಂಚದ ಮ್ಯಾಲ ಇಟ್ಟಳು, ಗ್ವಾಡಿದು ಅಳತಿ ಎಷ್ಟು ಅಂತ ಕೇಳಿದಳು. ಆರು ಫೂಟು, ನಾಕು ಫೂಟು ಅಂತ ಚೀಟಿ ಬರದು ಕೊಟ್ಟೀನಿ.