ರಾಯಲ್ ಕ್ರೆಸೆಂಟು, ಹಿಂದುಗಡೆಯಿಂದ

ಇಂಗ್ಲೆಂಡಿನ ಬಾತ್ ಊರಲ್ಲಿರೋ ರಾಯಲ್ ಕ್ರೆಸೆಂಟ್ ಮುಂದೆ ನಿಂತ್ರೆ ಒಂದೇ ದೊಡ್ಡ ಅರಮನೆ ಅರ್ಧಚಂದ್ರದ ಥರ ಬಾಗಿದೆ ಅನ್ಸುತ್ತೆ, ಆದ್ರೆ ಅದು ಒಂದಕ್ಕೊಂದು ಅಂಟ್ಕೊಂಡಿರೋ 30 ಮನೆ! 1767ರಿಂದ 1774ರ ತನಕ ಕಟ್ಟಿದ್ದು. ಜಾನ್ ವುಡ್ ದಿ ಯಂಗರ್ ಅನ್ನೋ ಆರ್ಕಿಟೆಕ್ಟು ಆ ಮುಂದಿನ ಗೋಡೆ, ಕಂಬಗಳ ಸಾಲು ಡಿಸೈನ್ ಮಾಡಿದ, ಕೊಂಡವ್ರು ಅದರ ಹಿಂದೆ ತಮಗೆ ಬೇಕಾದೋರನ್ನ ಕರ್ಸಿ ಬೇಕಾದಂಗೆ ಕಟ್ಟಿಸ್ಕೊಂಡ್ರು, ಅದಕ್ಕೇ ಹಿಂದುಗಡೆ ಹೋಗಿ ನೋಡಿದ್ರೆ ಒಂದು ಮನೆ ಎತ್ತರ, ಇನ್ನೊಂದು ಹೊರಗೆ ಚಾಚ್ಕೊಂಡಿದೆ, ಕಿಟಕಿಗಳು ಲೈನಿಗೇ ಬರಲ್ಲ. ನಂಗಂತೂ ಆ ಹಿಂಭಾಗನೇ ಜಾಸ್ತಿ ಇಷ್ಟ ಆಯ್ತು, ಒಳಗೆ ಜನ ಬದುಕಿದ್ರು ಅಂತ ಗೊತ್ತಾಗೋದೇ ಅಲ್ಲಿ. ನಂಬರ್ 1 ಮನೆ ಈಗ ಮ್ಯೂಸಿಯಂ. ಮೇಲೆ ಡ್ರಾಯಿಂಗ್ ರೂಮು ಅದು ಇದು ಎಲ್ಲ ಝಗಮಗ, ಅಡುಗೆಮನೆ ಮಾತ್ರ ಕೆಳಗೆ. ಪಾಪ ಆ ಕೆಲಸದೋರು ಬಿಸಿ ಪಾತ್ರೆ ಹಿಡ್ಕೊಂಡು ದಿನಕ್ಕೆ ಎಷ್ಟು ಸಲ ಹತ್ತಿ ಇಳೀತಿದ್ರೋ ಏನೋ.